ಪಾಠ ಆನ್‌ಲೈನ್, ಪೇಷಂಟ್ ಎದುರಿಗೆ

ತಂಗಿ, ನೀ ಕೇಳಿದ್ದು ಇಷ್ಟು: ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಮುಗಿದಿದೆ, ಬರುವ ತಿಂಗಳು ಯಜಮಾನರ ಎಚ್-1ಬಿ ಕೆಲಸದ ವೀಸಾದ ಜೊತೆ ಸಿಗುವ ಎಚ್-4 ವೀಸಾದ ಮೇಲೆ ನ್ಯೂಜೆರ್ಸಿಗೆ ಬರುತ್ತೀ, ಮನೆಯಲ್ಲೇ ಕೂತು ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿಯ (ಮಾತು, ಭಾಷೆ, ನುಂಗುವ ತೊಂದರೆಗಳ ಚಿಕಿತ್ಸೆ) ಮಾಸ್ಟರ್ಸ್ ಮಾಡಬಹುದೇ, ಊರು ಬಿಡುವ ಮೊದಲು ಏನೇನು ಹೊಂದಿಸಿಕೊಳ್ಳಬೇಕು. ಮಾಡಬಹುದು. ಆದರೆ ಆನ್‌ಲೈನ್ ಅಂದರೆ ಪಾಠ ಮಾತ್ರ. ಪೇಷಂಟ್ ಜೊತೆಗಿನ ಗಂಟೆಗಳನ್ನು ಬಹುಪಾಲು ಶಾಲೆ, ಆಸ್ಪತ್ರೆ, ಕ್ಲಿನಿಕ್ಕಿಗೆ ಹೋಗಿಯೇ ಮುಗಿಸಬೇಕು. ಜಾಣ ಹುಡುಗಿಯರೂ ಎಡವುವುದು ಅಲ್ಲಿ, ಪರೀಕ್ಷೆಯಲ್ಲಲ್ಲ.

ಮೊದಲು ವೀಸಾದ ಮಾತು. ಎಚ್-4 ಮೇಲೆ ಓದಲು ಅಡ್ಡಿಯಿಲ್ಲ, ದುಡಿಯಲು ಇದೆ. ಡಿಗ್ರಿ ಆದಮೇಲೆ ಕ್ಲಿನಿಕಲ್ ಫೆಲೋಶಿಪ್, ಅಂದರೆ ಹಿರಿಯರ ಮಾರ್ಗದರ್ಶನದಲ್ಲಿ ಕೆಲಸ ಮಾಡುವ ಅವಧಿ, ಇರುತ್ತದೆ: ಕನಿಷ್ಠ 36 ವಾರ, 1,260 ಗಂಟೆ. ಅದು ಸಂಬಳದ ನೌಕರಿ, ವರ್ಕ್ ಪರ್ಮಿಟ್ ಬೇಕೇ ಬೇಕು. ಎಚ್-4 ಮೇಲೆ ಆ ಪರ್ಮಿಟ್, ಅಂದರೆ ಇಎಡಿ, ಸಿಗುವುದು ಸಾಮಾನ್ಯವಾಗಿ ಯಜಮಾನರ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾದ ಮೇಲೆ. ಪೂರ್ತಿ ಆನ್‌ಲೈನ್ ಕೋರ್ಸಿಗೆ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡುವುದಿಲ್ಲ, ಹಾಗಾಗಿ ಎಫ್-1 ವಿದ್ಯಾರ್ಥಿ ವೀಸಾ ಇಲ್ಲ, ಅದರ ಮೇಲೆ ಓದಿದವರಿಗೆ ದುಡಿಯಲು ಸಿಗುವ ಒಪಿಟಿ ಅನುಮತಿಯೂ ಇಲ್ಲ. ಫೀ ಕಟ್ಟುವ ಮೊದಲು ಐ-140 ಎಲ್ಲಿಗೆ ಬಂದಿದೆ ಅಂತ ಮನೆಯಲ್ಲಿ ಕೂತು ಮಾತಾಡಿರಿ. ಅದು ಇನ್ನೂ ದೂರ ಇದ್ದರೆ ಕ್ಯಾಂಪಸ್ಸಿಗೆ ಹೋಗಿ ಎಫ್-1 ಮೇಲೆ ಓದುವುದೇ ನೆಟ್ಟಗಿನ ದಾರಿ ಅಂತ ನನ್ನ ಅನಿಸಿಕೆ. ಓದುವಾಗಿನ ತರಬೇತಿಗೆ ಸ್ಟೈಪೆಂಡ್ ಅಂತ ಯಾರಾದರೂ ಕೊಟ್ಟರೂ ತೆಗೆದುಕೊಳ್ಳಬೇಡ. ನಿನ್ನ ವೀಸಾದ ಮೇಲೆ ತರಬೇತಿ ನಡೆಯುತ್ತದೆ ಅನ್ನುವುದನ್ನು ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಇಮೇಲ್‌ನಲ್ಲಿ ಬರೆಸಿಟ್ಟುಕೋ.

ಕಾಲೇಜು ಆರಿಸುವಾಗ ಸಿಎಎ (ಇಲ್ಲಿ ಈ ಕೋರ್ಸುಗಳನ್ನು ಪರಿಶೀಲಿಸುವ ಮಂಡಳಿ) ಮಾನ್ಯತೆ ಇಲ್ಲದ್ದನ್ನು ಕಣ್ಣೆತ್ತಿಯೂ ನೋಡಬೇಡ. ನೀನಿರುವ ರಾಜ್ಯದವರನ್ನು ಸೇರಿಸಿಕೊಳ್ಳುತ್ತಾರೋ ಕೇಳು, ಎಲ್ಲ ಕಾಲೇಜುಗಳೂ ಎಲ್ಲ ರಾಜ್ಯಕ್ಕೂ ಪಾಠ ಕೊಡುವುದಿಲ್ಲ. ಮೊದಲೇ ಓದಿರಬೇಕಾದ ವಿಷಯಗಳಲ್ಲಿ ಜೀವಶಾಸ್ತ್ರ, ಭೌತ ಇಲ್ಲವೇ ರಸಾಯನ ಶಾಸ್ತ್ರ ನಿನ್ನ ಬಿ.ಎಸ್ಸಿ.ಯಲ್ಲೇ ಬಂದಿರಬಹುದು. ಸಂಖ್ಯಾಶಾಸ್ತ್ರ, ಸಮಾಜ ವಿಜ್ಞಾನ ಬಿಟ್ಟುಹೋಗಿದ್ದರೆ ಮೊದಲು ಅವನ್ನು ತುಂಬಿಸಬೇಕು. ಫೋನೆಟಿಕ್ಸ್ (ಧ್ವನಿಶಾಸ್ತ್ರ), ಮಾತಿನ ಅಂಗರಚನೆ, ಆಡಿಯಾಲಜಿ (ಶ್ರವಣ ಶಾಸ್ತ್ರ), ಭಾಷಾ ಬೆಳವಣಿಗೆ ಇವೂ ಆ ಪಟ್ಟಿಯಲ್ಲಿ ಇವೆ. ಬಹಳ ಮುಖ್ಯವಾಗಿ ಕೇಳಬೇಕಾದ್ದು ಒಂದು: ಪ್ಲೇಸ್‌ಮೆಂಟ್ (ಪೇಷಂಟ್ ಜೊತೆ ತರಬೇತಿಗೆ ಹೋಗುವ ಜಾಗ) ಹುಡುಕಿಕೊಡುವವರು ಯಾರು? "ಸಹಾಯ ಮಾಡುತ್ತೇವೆ" ಅಂದರೆ ನೀನೇ ಹುಡುಕಬೇಕು ಅಂತಲೇ ತಿಳಿ.

ಈಗ ಗಂಟೆಯ ಲೆಕ್ಕ. ಆಶಾ (ಅಮೆರಿಕದ ಸ್ಪೀಚ್-ಲ್ಯಾಂಗ್ವೇಜ್-ಹಿಯರಿಂಗ್ ಸಂಸ್ಥೆ) ಕೊಡುವ ಸಿಸಿಸಿ ಅನ್ನುವ ಸರ್ಟಿಫಿಕೇಟಿಗೆ ಒಟ್ಟು 400 ಗಂಟೆ: 25 ವೀಕ್ಷಣೆ, 375 ನೇರ ಕೆಲಸ. ವೀಕ್ಷಣೆಗೆ ಆಶಾದ ಸಿಸಿಸಿ ಇದ್ದವರ ಮಾರ್ಗದರ್ಶನವೇ ಬೇಕು, ಬೆಳಗಾವಿಯದೋ ಧಾರವಾಡದ್ದೋ ಯಾವುದಾದರೂ ಆಸ್ಪತ್ರೆಯಲ್ಲಿ ಹಾಗೇ ಕೂತು ನೋಡಿ ಬಂದದ್ದು ಲೆಕ್ಕಕ್ಕೆ ಬರುವುದಿಲ್ಲ. 375ರಲ್ಲಿ ಹೆಚ್ಚೆಂದರೆ 75 ಗಂಟೆ ಕಂಪ್ಯೂಟರ್ ಸಿಮ್ಯುಲೇಷನ್, ಅಂದರೆ ನಕಲಿ ಪೇಷಂಟ್ ಜೊತೆಗಿನ ಅಭ್ಯಾಸ, ಆಗಬಹುದು. ವಾರಕ್ಕೆ 3 ದಿನ, ದಿನಕ್ಕೆ 4 ಗಂಟೆ ನೇರ ಕೆಲಸ ಸಿಕ್ಕರೂ 15 ವಾರಕ್ಕೆ 180. ರಿಪೋರ್ಟ್ ಬರೆದದ್ದು, ಮೀಟಿಂಗಿನಲ್ಲಿ ಕೂತದ್ದು, ಪೇಷಂಟ್ ಬಾರದೆ ಕಾದದ್ದು ಗಂಟೆಯಲ್ಲ. 45 ನಿಮಿಷದ ಸೆಷನ್ 45 ನಿಮಿಷವೇ. ಅವತ್ತಿಂದು ಅವತ್ತೇ ಬರೆದು ವಾರಕ್ಕೊಮ್ಮೆ ಸಹಿ ಮಾಡಿಸಿಕೋ. ಸೂಪರ್‌ವೈಸರ್ ನಡುವೆ ಕೆಲಸ ಬಿಟ್ಟು ಹೋದರೆ ಸಹಿಯಿಲ್ಲದ ಗಂಟೆ ಹೋದಂತೆಯೇ. ಅವರಿಗೆ ಸಿಸಿಸಿ ಇದೆಯೋ, ಅದು ಬಂದಮೇಲೆ 9 ತಿಂಗಳ ಅನುಭವ, ಮೇಲ್ವಿಚಾರಣೆಯ ಬಗ್ಗೆ 2 ಗಂಟೆ ತರಬೇತಿ ಆಗಿದೆಯೋ, ಮೊದಲ ದಿನವೇ ಕೇಳು. ಶಾಲೆಗಳು ಬೇಗ ಒಪ್ಪುತ್ತವೆ, ಆಸ್ಪತ್ರೆಗಳು ಒಪ್ಪಲು ಕರಾರುಪತ್ರಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಶಾಲೆಯೊಂದನ್ನೇ ನೆಚ್ಚಿಕೊಂಡರೆ ನುಂಗುವಿಕೆ, ಪಾರ್ಶ್ವವಾಯು ಆದವರ ಮಾತು ಈ ಕೆಲಸ ಕೈಗೆ ಸಿಗದೆ ಉಳಿಯುತ್ತದೆ.

ಊರಲ್ಲೇ ಮುಗಿಸಬೇಕಾದ್ದು: ಟ್ರಾನ್ಸ್‌ಕ್ರಿಪ್ಟ್‌ಗಳು, ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಸಿಲೆಬಸ್ ಪ್ರತಿ. ಇಲ್ಲಿಂದ ಫೋನ್ ಮಾಡಿ ಯೂನಿವರ್ಸಿಟಿ ಕೌಂಟರಿನಿಂದ ಕಾಗದ ಹೊರಡಿಸುವುದು ಬಹಳ ಕಷ್ಟ. ತರಬೇತಿಯ ಜಾಗದಲ್ಲಿ ತೋರಿಸಲು ಲಸಿಕೆಯ ಚೀಟಿ ಹುಡುಕು, ಸಿಗದಿದ್ದರೆ ಲಸಿಕೆಯ ರಕ್ಷಣೆ ಮೈಯಲ್ಲಿ ಇದೆಯೋ ತಿಳಿಸುವ ಟೈಟರ್ ರಕ್ತ ಪರೀಕ್ಷೆ ಇಲ್ಲಿ ಮಾಡಿಸಬಹುದು. ಟಿಬಿ ಪರೀಕ್ಷೆಗೆ ತೋಳಿನ ಚರ್ಮಕ್ಕೆ ಚುಚ್ಚಲು ಬಂದರೆ ಬೇಡ ಅನ್ನು. ಹುಟ್ಟಿದಾಗ ಹಾಕಿದ ಬಿಸಿಜಿಯಿಂದ ಸುಮ್ಮನೆ ಪಾಸಿಟಿವ್ ಬರಬಹುದು, ಆಮೇಲೆ ಎಕ್ಸ್‌ರೇ, ಓಡಾಟ. ಕ್ವಾಂಟಿಫೆರಾನ್ ರಕ್ತ ಪರೀಕ್ಷೆ ಕೇಳು, ಬಿಸಿಜಿ ಅದನ್ನು ಕೆಡಿಸುವುದಿಲ್ಲ.

ಫೋನೆಟಿಕ್ಸ್‌ಗೆ ಹೆದರಬೇಡ, ಅರ್ಧ ಪಾಠ ಒಂದನೇ ಇಯತ್ತೆಯಲ್ಲೇ ಆಗಿದೆ. ಕ ವರ್ಗ ಗಂಟಲ ಕಡೆ, ಚ ಅಂಗಳಕ್ಕೆ, ಟ ಮಡಚಿದ ನಾಲಗೆಗೆ, ತ ಹಲ್ಲಿಗೆ, ಪ ತುಟಿಗೆ. ಇಲ್ಲಿನ ಐಪಿಎ ಪಟ್ಟಿ, ಅಂದರೆ ಎಲ್ಲ ಭಾಷೆಗಳ ಧ್ವನಿಗಳಿಗೆ ಗುರುತು ಕೊಡುವ ಪಟ್ಟಿ, ಇದನ್ನೇ ತಿರುವಿ ತುಟಿಯಿಂದ ಶುರುಮಾಡುತ್ತದೆ. ತೊಡಕು ಇರುವುದು ನಮ್ಮ ಕಿವಿ ಬೇರೆ ಮಾಡದ ಕಡೆ. ತೊಡುವ ವೆಸ್ಟ್, ದಿಕ್ಕಿನ ವೆಸ್ಟ್ ಎರಡೂ ನಮಗೆ ಒಂದೇ ವ. ಕನ್ನಡಿ ಮುಂದೆ ನಿಲ್ಲು: ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ಗುಂಡಗಾಗಬೇಕು, ಹಲ್ಲು ತಾಗಬಾರದು. ಅಂಗೈ ಬಾಯಿಯ ಮುಂದೆ ಹಿಡಿದು ಅಮೆರಿಕನ್ನರು ಅನ್ನುವ ಹಾಗೆ ಪಿನ್ ಅನ್ನು, ಗಾಳಿ ಬಡಿಯಬೇಕು. ಸ್ಪಿನ್ ಅನ್ನುವಾಗ ಬಡಿಯಬಾರದು. ಅವರ ಟಿ ನಮ್ಮ ತ ಅಲ್ಲ, ಟ ಅಲ್ಲ, ಎರಡರ ನಡುವೆ ಹಲ್ಲಿನ ಹಿಂದಿನ ದಿಬ್ಬಕ್ಕೆ ತಾಗುತ್ತದೆ. ವಾಟರ್ ನಡುವಿನ ಟಿಯಂತೂ ನಮ್ಮ ರ ಹತ್ತಿರ ಹೋಗುತ್ತದೆ. ದಿನಕ್ಕೆ 10 ನಿಮಿಷ ಸಾಕು, ಆದರೆ ದಿನಾ ಬೇಕು. ಇದು ಗೊತ್ತಿದ್ದರೆ ಕನ್ನಡ ಮನೆಯ ಮಗು ಥಂಬ್ ಅನ್ನುವಾಗ ನಾಲಗೆಯನ್ನು ಹಲ್ಲಿನಾಚೆ ಚಾಚದೆ ನಮ್ಮ ಥ ಹಾಗೆ ಹಲ್ಲಿಗೇ ತಾಗಿಸಿದರೆ ಅದನ್ನು ದೋಷ ಅಂತ ಬರೆಯುವುದಿಲ್ಲ ನೀನು. ಅದು ಮನೆಮಾತಿನ ಗುರುತು, ರೋಗವಲ್ಲ. ನಿನ್ನ ಉಚ್ಚಾರವೂ ಹಾಗೆಯೇ. ಕೇಳಿದ ಧ್ವನಿಯನ್ನು ಸರಿಯಾಗಿ ಗುರುತಿಸಿ, ಬೇಕಾದಾಗ ಮಾಡಿ ತೋರಿಸಲು ಬಂದರೆ ಆಯಿತು.

ಟೆಲಿಥೆರಪಿಯ (ವಿಡಿಯೋ ಕರೆಯಲ್ಲಿ ಕೊಡುವ ಚಿಕಿತ್ಸೆ) ಸೆಷನ್‌ಗೆ ಕೂರುವ ಕೋಣೆಯಲ್ಲಿ ಜಮಖಾನೆ, ದಪ್ಪ ಪರದೆ ಹಾಕು. ಗೋಳಗುಮ್ಮಟದಲ್ಲಿ ಪ್ರತಿಧ್ವನಿ ಚೆಂದ, ಇಲ್ಲಿ ಅದೇ ಶತ್ರು: ಬರಿಗೋಡೆಯ ಕೋಣೆಯಲ್ಲಿ ಸ, ಶ ಕಲಸಿಹೋಗಿ ಮಗು ತಪ್ಪಿತೋ ಮೈಕ್ ತಪ್ಪಿತೋ ತಿಳಿಯುವುದಿಲ್ಲ. ವೈಫೈ ಬಿಟ್ಟು ಕೇಬಲ್ ಹಾಕು, ವೈರ್ ಇರುವ ಹೆಡ್‌ಸೆಟ್ ಇರಲಿ.

ಸಿಸಿಸಿಗೆ ಬರೆಯಬೇಕಾದ ಪ್ರಾಕ್ಸಿಸ್ ಪರೀಕ್ಷೆಯ ನಂಬರ್ 5331, ಪಾಸಾಗಲು 162 ಬೇಕು. ಅದನ್ನು ಕೊನೆಯ ಸೆಮಿಸ್ಟರಿಗೆ ಇಟ್ಟುಕೋ. ಈಗ ನಾಳೆಯೇ ಯೂನಿವರ್ಸಿಟಿಗೆ ಹೋಗಿ ಟ್ರಾನ್ಸ್‌ಕ್ರಿಪ್ಟ್ ಅರ್ಜಿ ಕೊಟ್ಟು ಬಾ, ರಸೀದಿಯ ಫೋಟೋ ತೆಗೆದಿಟ್ಟುಕೋ.