ಆ ಬ್ರಾಕೆಟ್ಟು ಒಡೆಯಿರಿ

ನಮಸ್ಕಾರ. ಡೊಂಬಿವಲಿಯಿಂದ ನೀವು ಕಳಿಸಿದ 'ಬ್ಯಾಂಕ್ ನೌಕರರ ತರಬೇತಿ ಮತ್ತು ವೃತ್ತಿತೃಪ್ತಿ' ಲೇಖನ ತಲುಪಿತು. ಕಾಗುಣಿತ ತಪ್ಪಿಲ್ಲ, ಇಸವಿಗಳೂ ಸರಿ: 1969ರ ಜುಲೈಯಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ, ಬ್ಯಾಂಕಿನವರಿಗೆ ತರಬೇತಿ ಕೊಡುವ, ಈಗ ಪುಣೆಯಲ್ಲಿರುವ ಎನ್‌ಐಬಿಎಂ ಸಂಸ್ಥೆ ಶುರುವಾದದ್ದೂ ಅದೇ ವರ್ಷ. ಸಂತೋಷ.

ತಲೆ ಕೆಟ್ಟಿದ್ದು ಎರಡನೇ ಪ್ಯಾರಾದಲ್ಲಿ. 'ನೌಕರರಿಗೆ ತರಬೇತಿಯನ್ನು ನೀಡಲಾಗುತ್ತದೆ. ಇದರಿಂದ ಅವರಲ್ಲಿ ತೃಪ್ತಿ ಉಂಟಾಗುತ್ತದೆ.' ಯಾರು ಕೊಡುತ್ತಾರೆ? ಯಾವ ನೌಕರರಿಗೆ? ಪೆನ್ಸಿಲ್ ಹಿಡಿದು ಎಣಿಸಿದೆ, ನಾಲ್ಕು ಪುಟದಲ್ಲಿ 'ಲಾಗುತ್ತದೆ' 17 ಸಲ. ಇದು ಸರ್ಕ್ಯುಲರ್ ಭಾಷೆ ಮಾರಾಯ್ರೆ. ಸರ್ಕ್ಯುಲರಿನಲ್ಲಿ ಮನುಷ್ಯರಿರುವುದಿಲ್ಲ, 'ಸಂಬಂಧಪಟ್ಟವರು' ಇರುತ್ತಾರೆ.

ಮುಂದಿನ ಸಾಲು: 'ತರಬೇತಿಯ ಬಳಿಕ ಕಾರ್ಯಕ್ಷಮತೆ ವರ್ಧಿಸುತ್ತದೆ.' ಹೌದೇ? ಮೂರನೇ ಪುಟದ ಅಡಿಯಲ್ಲಿ, ಬ್ರಾಕೆಟ್ಟಿನೊಳಗೆ ಅಡಗಿಸಿ, ನೀವೇ ಬರೆದಿದ್ದೀರಿ: 'ಫಾರೆಕ್ಸ್ ತರಬೇತಿ ಮುಗಿಸಿ ಬಂದ ಸೋಮವಾರವೇ ನನ್ನನ್ನು ಲಾಕರ್ ಸೆಕ್ಷನ್ನಿಗೆ ಹಾಕಿದರು.' ಇಲ್ಲಿ ಮಾತ್ರ 'ಹಾಕಲಾಯಿತು' ಅನ್ನಲಿಲ್ಲ, ಗಮನಿಸಿದಿರಾ? ಸಿಟ್ಟು ಬಂದ ಕೂಡಲೇ ನಿಮ್ಮ ಕ್ರಿಯಾಪದಕ್ಕೆ ಕರ್ತೃ ಸಿಕ್ಕಿದ. ಆ ಬ್ರಾಕೆಟ್ಟು ಒಡೆಯಿರಿ, ಲೇಖನ ಅಲ್ಲಿಂದ ಶುರುವಾಗಲಿ. ಲೆಟರ್ ಆಫ್ ಕ್ರೆಡಿಟ್, ಅಂದರೆ ವಿದೇಶಿ ವ್ಯಾಪಾರದಲ್ಲಿ ಬ್ಯಾಂಕ್ ಕೊಡುವ ಪಾವತಿ ಭರವಸೆಯ ಪತ್ರ, ಓದುವುದು ಕಲಿತು ಬಂದವರು ಗ್ರಾಹಕರ ಹಿಂದೆ ಸ್ಟ್ರಾಂಗ್ ರೂಮಿಗೆ ಹೋಗಿ, ಬ್ಯಾಂಕಿನ ಕೀ ತಿರುಗಿಸಿ, ಅವರ ಕೀ ತಿರುಗುವ ಮೊದಲೇ ಹೊರಗೆ ಬರುವುದು. ದಿನಕ್ಕೆ ಎಷ್ಟು ಸಲ? ಅದನ್ನು ಬರೆಯಿರಿ.

ನಾನೂ ಮುಂಬೈ ಫೋರ್ಟಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನೇ, ಲೆಡ್ಜರ್ ಕಾಲದಲ್ಲಿ. ಎರಡು ವಾರ ಕ್ಲಾಸಿನಲ್ಲಿ ಕೂರಿಸಿ 'ಗ್ರಾಹಕ ಸೇವೆ' ಹೇಳಿಕೊಟ್ಟಿದ್ದರು, ಒಂದಕ್ಷರ ನೆನಪಿಲ್ಲ. (ಊಟ ಚೆನ್ನಾಗಿತ್ತು.) ನೆನಪಿರುವುದು ಒಂದು ರಾತ್ರಿ. ಬ್ಯಾಲೆನ್ಸಿಂಗಿನಲ್ಲಿ, ಅಂದರೆ ಲೆಕ್ಕ ತಾಳೆ ಹಾಕುವಾಗ, 270 ರೂಪಾಯಿ ಡಿಫರೆನ್ಸ್. ಪುಟ ಮಗುಚಿ ಮಗುಚಿ ಬೆರಳು ಕಪ್ಪಾಯಿತು. ಕಾರ್ಕಳ ಕಡೆಯ ಹೆಡ್ ಕ್ಲರ್ಕ್ ಚಾ ಲೋಟ ಹಿಡಿದುಕೊಂಡೇ ಬಂದು, 'ಒಂಬತ್ತರಿಂದ ಭಾಗ ಹೋಗ್ತದಾ ನೋಡು. ಹೋದ್ರೆ ಅಂಕಿ ಅಡಿಮೇಲು ಮಾಡಿದ್ದೀಯಾ' ಎಂದರು. ಹೋಯಿತು, 30 ಸಲ. 630 ಇರಬೇಕಾದಲ್ಲಿ 360 ಬರೆದಿದ್ದೆ, ನನ್ನದೇ ಕೈಬರಹ. ಅವತ್ತು ಕೊನೆಯ ಬಸ್ಸು ತಪ್ಪಿದರೂ ವಿಟಿ ರೈಲು ನಿಲ್ದಾಣದವರೆಗೆ ಶಿಳ್ಳೆ ಹಾಕುತ್ತ ನಡೆದೆ. ವೃತ್ತಿತೃಪ್ತಿ ಅಂದರೆ ನನಗೆ ಇವತ್ತಿಗೂ ಆ ಶಿಳ್ಳೆಯೇ.

ಉಳಿದ ಪುಟಗಳ ತಂಟೆಗೆ ನಾನು ಹೋಗುವುದಿಲ್ಲ. 800 ಪದದಲ್ಲಿ ಮತ್ತೆ ಬರೆದು ಕಳಿಸಿ. ಲಾಕರಿಗೆ ಹಾಕಿದ್ದು ಯಾರು? ಹೆಸರು ಬೇಡ, ಹುದ್ದೆ ಸಾಕು.