ಬೇರೆ ದೇಶದಿಂದ ಬಂದು ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ದೊಡ್ಡ ಹೆಸರು ಮಾಡಿದವರು ಯಾರಾದರೂ ಇದ್ದಾರಾ?

ಇದ್ದಾರೆ. ನನಗೆ ಮೊದಲು ನೆನಪಾಗೋದು ಜಿಮ್ ಸ್ಟೈನ್ಸ್. ಐರ್ಲೆಂಡಿನ ಡಬ್ಲಿನ್‌ನ ಹುಡುಗ, ಅಲ್ಲಿನ ಗೇಲಿಕ್ ಫುಟ್‌ಬಾಲ್ ಆಡುತ್ತಿದ್ದವರು. 1984ರಲ್ಲಿ, 18ನೇ ವಯಸ್ಸಿಗೆ, ಮೆಲ್ಬರ್ನ್ ಕ್ಲಬ್ ಅವರನ್ನು ಕರೆಸಿಕೊಂಡಿತು. ಗೇಲಿಕ್‌ನಲ್ಲಿ ಚೆಂಡು ದುಂಡಗೆ, ಇಲ್ಲಿ ಮೊಟ್ಟೆ ಥರ. ಒದೆಯೋದನ್ನೇ ಹೊಸದಾಗಿ ಕಲಿಯಬೇಕಾಯಿತು.

1987ರಲ್ಲಿ ಹಾಥಾರ್ನ್ ವಿರುದ್ಧ ಪ್ರಿಲಿಮಿನರಿ ಫೈನಲ್. ಗೆದ್ದರೆ ಫೈನಲ್, ಮೆಲ್ಬರ್ನ್ ಮುಂದಿತ್ತು. ಕೊನೇ ಗಳಿಗೆಯಲ್ಲಿ ಸ್ಟೈನ್ಸ್, ಚೆಂಡು ಒದೆಯಲು ನಿಂತಿದ್ದ ಹಾಥಾರ್ನ್‌ನ ಗ್ಯಾರಿ ಬಕನಾರಾ ಮುಂದೆ ಅಡ್ಡ ಓಡಿಬಿಟ್ಟರು. ನಿಯಮದ ಪ್ರಕಾರ ಅದು ತಪ್ಪು, ಅಂಪೈರ್ 15 ಮೀಟರ್ ದಂಡ ಹಾಕಿದರು, ಬಕನಾರಾ ಅಷ್ಟು ಹತ್ತಿರಕ್ಕೆ ಬಂದು ಆಟ ಮುಗಿಯುವ ಸೈರನ್ ಆದ ಮೇಲೆ ಒದ್ದ ಚೆಂಡು ಗೋಲಾಗಿ ಮೆಲ್ಬರ್ನ್ ಬರೀ 2 ಅಂಕದಿಂದ ಸೋತಿತು.

ಬೇರೆಯವರಾಗಿದ್ದರೆ ಊರಿಗೆ ವಾಪಸ್ ಹೋಗುತ್ತಿದ್ದರೇನೋ, ಅಲ್ವಾ? ಇವರು ಉಳಿದರು. ಒಂದೂ ತಪ್ಪಿಸದೆ ಸತತ 244 ಪಂದ್ಯ ಆಡಿದರು. ಮೈಗೆ ಮೈ ಗುದ್ದುವ ಆಟದಲ್ಲಿ ಇದು ಸುಮ್ನೆ ಆಗೋ ಮಾತಲ್ಲ, ನನ್ನ ಪ್ರಕಾರ 1991ರಲ್ಲಿ ಅವರು ಗೆದ್ದ ಬ್ರೌನ್‌ಲೋ ಪದಕಕ್ಕಿಂತ (ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡೋದು) ಇದೇ ಜಾಸ್ತಿ ದೊಡ್ಡದು.

ಆಡುತ್ತಿರುವಾಗಲೇ ಹದಿಹರೆಯದವರಿಗಾಗಿ ರೀಚ್ ಸಂಸ್ಥೆ ಕಟ್ಟಿದರು, 2008ರಲ್ಲಿ ಮೆಲ್ಬರ್ನ್ ಕ್ಲಬ್‌ನ ಅಧ್ಯಕ್ಷರಾದರು. 2012ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 45 ವರ್ಷ.