ಪೊಲೀಸ್ ವೆರಿಫಿಕೇಶನ್ ಎಲ್ಲಾ ಮುಗಿದ ಮೇಲೆ ಕೆಲಸ ಬೇಡ ಅನ್ನಬಹುದಾ?

ಪ್ರಶ್ನೆ: ಅಕ್ಕಾ, ನಂಗೆ 27 ವರ್ಷ, ಊರು ದಾವಣಗೆರೆ. ಅಪ್ಪ ಮಂಡಕ್ಕಿ ಭಟ್ಟಿಲಿ ಕೆಲಸ ಮಾಡ್ತಾರೆ. ರಕ್ಷಣೆಗೆ ಸಂಬಂಧಪಟ್ಟ ಕೇಂದ್ರ ಸರ್ಕಾರದ ಒಂದು ಕಡೆ ಲೆವೆಲ್ 6 ಹುದ್ದೆಗೆ ಆಯ್ಕೆ ಆದೆ. ಮೆಡಿಕಲ್, ಪೊಲೀಸ್ ವೆರಿಫಿಕೇಶನ್ ಅಂತ 14 ತಿಂಗಳು ಹಿಡೀತು. ಮನೆಗೆ ಬಂದು ವಿಚಾರಿಸಿದ್ರು, ಓಣಿಯವರನ್ನೂ ಕೇಳಿದ್ರು, ನಮ್ಮ ಹೈಸ್ಕೂಲ್ ಮೇಷ್ಟ್ರು ರೆಫರೆನ್ಸ್ ಕೊಟ್ರು. ಸುಮ್ಮನೆ ಕೂರೋಕಾಗದೆ ಇಲ್ಲೇ ಒಂದು ಆಸ್ಪತ್ರೆ ಲ್ಯಾಬ್ ಸೇರಿದೆ, 22 ಸಾವಿರ ಸಂಬಳ, ಆದ್ರೆ ಕೆಲಸ ಮನಸ್ಸಿಗೆ ಹಿಡಿಸಿಬಿಟ್ಟಿದೆ. ಈಗ ಆಫರ್ ಲೆಟರ್ ಬಂದಿದೆ, ಪೋಸ್ಟಿಂಗ್ ಉತ್ತರ ಭಾರತದಲ್ಲಿ. ಉತ್ತರ ಕೊಡೋಕೆ ಇನ್ನು 11 ದಿನ. ಬೇಡ ಅಂದ್ರೆ ಬ್ಲ್ಯಾಕ್‌ಲಿಸ್ಟ್ ಮಾಡ್ತಾರಾ? ಅಪ್ಪಂಗೆ, ಮೇಷ್ಟ್ರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?

ಉತ್ತರ: ತಂಗಿ, ನಿನ್ನ ಪತ್ರ ಉದ್ದ ಇತ್ತು, ಮೇಲೆ ಹಾಕಿರೋದು ಅದರ ಸಾರ ಅಷ್ಟೇ, ನಾನು ಪೂರ್ತಿ ಮೂರು ಸಲ ಓದಿದೆ. ಡೆಂಗ್ಯೂ ಟೈಮಲ್ಲಿ ರಾತ್ರಿ ಎರಡು ಗಂಟೆಗೆ ಒಂದು ಮಗುವಿನ ಪ್ಲೇಟ್‌ಲೆಟ್ ಮಷೀನಲ್ಲಿ ತೀರಾ ಕಮ್ಮಿ ತೋರಿಸಿದಾಗ ನಿಂಗ್ಯಾಕೋ ಡೌಟ್ ಬಂದು ಸ್ಲೈಡ್ ಮಾಡಿ ಮೈಕ್ರೋಸ್ಕೋಪಲ್ಲಿ ನೋಡಿದ್ದು, ಅವು ಗುಂಪುಗುಂಪಾಗಿ ಅಂಟ್ಕೊಂಡಿದ್ದಕ್ಕೇ ಮಷೀನ್ ಲೆಕ್ಕ ತಪ್ಪಿದ್ದು ಅಂತ ಡಾಕ್ಟರಿಗೆ ಫೋನ್ ಮಾಡಿದ್ದು, ಇದನ್ನ ಒಂದು ಪುಟ ಬರ್ದಿದ್ದೀಯ. ಸರ್ಕಾರಿ ಕೆಲಸದ ಬಗ್ಗೆ ಬರ್ದಿರೋದೆಲ್ಲಾ ಯಾರು ಏನಂತಾರೆ ಅನ್ನೋದೇ. ಅಲ್ಲಿಗೆ ಹೋಗಿ ಇಂಥದ್ದು ಮಾಡ್ಬೇಕು ಅಂತ ಆಸೆ ಇದೆ ಅನ್ನೋ ಒಂದು ಸಾಲು ಹುಡುಕಿದೆ, ಸಿಗಲಿಲ್ಲ.

ಮೊದ್ಲು ಭಯದ ವಿಷ್ಯ ಮುಗಿಸಿಬಿಡೋಣ. ವೆರಿಫಿಕೇಶನ್ ಮಾಡೋದು ನಿನ್ನ ಕೈಗೆ ಆ ಕೆಲಸ ಕೊಡಬಹುದಾ ಅಂತ ಅವರಿಗೆ ಗೊತ್ತಾಗೋಕೆ, ಅದು ನೀನು ಬರ್ಕೊಟ್ಟ ಸಾಲಪತ್ರ ಅಲ್ಲ. ವೆರಿಫಿಕೇಶನ್ನಿಗೆ ಅಂತ ನಿನ್ನ ವಿವರ ಎಲ್ಲಾ ಬರ್ಕೊಡೋ ಅಟೆಸ್ಟೇಶನ್ ಫಾರಂ ತುಂಬಿದ್ದು ನೆನಪಿದೆ ಅಲ್ವಾ, ಸುಳ್ಳು ಹೇಳಿದ್ರೆ, ಕೇಸ್ ಮುಚ್ಚಿಟ್ರೆ ಅನರ್ಹ ಅಂತ ಮೇಲೇ ಬರ್ದಿರ್ತಾರೆ. ತೊಂದ್ರೆ ಬರೋದು ಅಂಥದಕ್ಕೆ. ಸೇರೋ ಮುಂಚೆ ಮರ್ಯಾದೆಯಿಂದ ಬೇಡ ಅನ್ನೋದು ಅಪರಾಧ ಅಲ್ಲ, ರಾಜೀನಾಮೆನೂ ಅಲ್ಲ. ಆದ್ರೂ ನೋಟಿಫಿಕೇಶನ್ನು, ಆಫರ್ ಲೆಟರಿನ ಷರತ್ತು ಎರಡನ್ನೂ ಕೂತು ಓದು, ಬಾಂಡ್ ಅಂತ ಏನಾದ್ರೂ ಸೈನ್ ಹಾಕಿದ್ದೀಯಾ ನೋಡ್ಕೋ.

ಆದ್ರೆ ಬಿಡೋದರಲ್ಲಿ ನಷ್ಟ ಇಲ್ಲ ಅಂತ ನಾನು ಹೇಳಲ್ಲ. ಲೆವೆಲ್ 6 ಅಂದ್ರೆ ಮೂಲ ವೇತನವೇ 35,400, ಅದರ ಮೇಲೆ ಡಿಎ (ತುಟ್ಟಿಭತ್ಯೆ), ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ). ವಯಸ್ಸಿನ ಮಿತಿ ಬೇರೆ, ಕೇಂದ್ರದಲ್ಲಿ ಒಬಿಸಿಗೆ 3 ವರ್ಷ, ಎಸ್‌ಸಿ ಎಸ್‌ಟಿಗೆ 5 ವರ್ಷ ಸಡಿಲಿಕೆ ಇದ್ರೂ ನಿನ್ನ ಕೈಲಿ ಎಷ್ಟು ವರ್ಷ ಉಳಿದಿದೆ ಅಂತ ಲೆಕ್ಕ ಹಾಕು. ಈಗಿನ ಆಸ್ಪತ್ರೆಲಿ ಪಿಎಫ್ ಕಟ್ತಾರಾ, ಇಎಸ್‌ಐ ಏನು, ಮುಂದಿನ ವರ್ಷ ಸಂಬಳ ಎಷ್ಟು, ಇದನ್ನ ಬಾಯಿಬಿಟ್ಟು ಕೇಳು. ಅಪ್ಪಂಗೆ ಕೆಮ್ಮು ಅಂತಲೂ ಪತ್ರದಲ್ಲಿ ಬರ್ದಿದ್ದೀಯ, ಅದೊಂದೇ ಕಾರಣ ಆಗಿದ್ರೆ ಬೇಡ ಅನ್ನೋ ಮುಂಚೆ ಸೇರೋಕೆ ಟೈಮ್ ಕೇಳಿ ಬರಿ, ಸರಿಯಾದ ಕಾರಣ ಇದ್ರೆ ಕೇಳೋದರಲ್ಲಿ ತಪ್ಪಿಲ್ಲ.

ಇನ್ನು ಅಪ್ಪ. ಹೊಟ್ಟಿನ ಬೆಂಕಿ ಮುಂದೆ, ಕಾದ ಮರಳಿನ ಮುಂದೆ ಇಪ್ಪತ್ತೈದು ವರ್ಷ ನಿಂತಿರೋ ಮನುಷ್ಯ, ಮಗಳು ಈ ಹೊಗೆಯಿಂದ ಆಚೆ ಹೋಗ್ಲಿ ಅಂತ ಆಸೆಪಟ್ಟಿದ್ದಾರೆ. ಅವರ ಕಣ್ಣಲ್ಲಿ ಸರ್ಕಾರಿ ಕೆಲಸ ಅಂದ್ರೆ ಆಚೆ ಹೋಗೋ ಬಾಗಿಲು, ನೀನು ಆಗ್ಲೇ ಆಚೆ ಬಂದಿದ್ದೀಯ ಅಂತ ಅವರಿಗೆ ಕಂಡಿಲ್ಲ ಅಷ್ಟೆ. ಭಟ್ಟಿಗೆ ರಜೆ ಇರೋ ದಿನ ಕೂರಿಸ್ಕೊಂಡು ಆ ಮಗುವಿನ ಸ್ಲೈಡಿನ ಕತೆ ಹೇಳು, ನಂಗೆ ಬರೆದ ಹಾಗೇ ಹೇಳು. ಬೈಬಹುದು, ಎರಡು ದಿನ ಮಾತು ಬಿಡಬಹುದು. ಬೈಲಿ ಬಿಡು, ಹದಿನಾಲ್ಕು ತಿಂಗಳು ನಿನ್ನ ಜೊತೆ ಅವರೂ ಕಾದಿದ್ದಾರೆ.

ಮೇಷ್ಟ್ರ ಮನೆಗೆ ನೀನೇ ಹೋಗು, ಫೋನಲ್ಲಿ ಬೇಡ. ಅವರು ಸೈನ್ ಹಾಕಿದ್ದು ನಿನ್ನ ನಡತೆ ಒಳ್ಳೇದು ಅಂತ, ನೀನು ಅಲ್ಲಿ ಸೇರೇ ಸೇರ್ತೀಯ ಅಂತಲ್ಲ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾದ್ರೆ ಮಾತ್ರ ನೋವಾಗುತ್ತೆ.

ನಾನೂ ಒಂದ್ಸಲ ಹೀಗೇ ಒಂದು ಕೆಲಸ ಬಿಟ್ಟಿದ್ದೀನಿ. ಆದ್ರೆ ಬೇಡ ಅಂತ ಬರೆಯೋ ಧೈರ್ಯ ಬರ್ಲಿಲ್ಲ, ಟೈಮ್ ಮುಗಿಯೋ ತನಕ ಸುಮ್ಮನಿದ್ದೆ. ಬಿಟ್ಟಿದ್ದಕ್ಕೆ ಇವತ್ತಿಗೂ ಬೇಜಾರಿಲ್ಲ, ಸುಮ್ಮನಿದ್ದಿದ್ದಕ್ಕೆ ಇದೆ, ಯಾಕಂದ್ರೆ ನನ್ನ ಹಿಂದೆ ವೇಟಿಂಗ್ ಲಿಸ್ಟಲ್ಲಿ ಯಾರೋ ಒಬ್ಳು ನಿನ್ನ ಹಾಗೇ ದಿನಾ ಮೇಲ್ ನೋಡ್ತಾ ಕೂತಿದ್ಲೇನೋ ಅಂತ ಈಗ್ಲೂ ಅನ್ಸುತ್ತೆ. ನೀನು ಹಾಗೆ ಮಾಡ್ಬೇಡ. ಆಫರ್ ಲೆಟರ್ ನಂಬರು, ತಾರೀಖು ಹಾಕಿ, ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ, ವೈಯಕ್ತಿಕ ಕಾರಣಕ್ಕೆ ಸೇರೋಕಾಗ್ತಿಲ್ಲ ಅಂತ ನಾಲ್ಕು ಸಾಲು ಸಾಕು, ಮೇಲ್ ಮಾಡಿ ಸ್ಪೀಡ್ ಪೋಸ್ಟಲ್ಲೂ ಕಳ್ಸಿ ರಸೀದಿ ಇಟ್ಕೋ.

11 ದಿನ ಇದೆ ಅಂದಿದ್ದೀಯ. ಅಪ್ಪನ ಹತ್ರ ಮಾತಾಡಿದ ಮೇಲೂ, ಮೇಷ್ಟ್ರ ಮನೆಯಿಂದ ಬಂದ ಮೇಲೂ ಬೇಡ ಅಂತಲೇ ಅನ್ಸಿದ್ರೆ ಅವತ್ತೇ ರಾತ್ರಿ ಕಳ್ಸಿಬಿಡು, ಕೊನೇ ದಿನದ ತನಕ ಕಾಯ್ಬೇಡ.